ಚಾಳೀಸು ತಪ್ಪಿಸಲು ಕಣ್ಣೊಳಗೆ ಲೆನ್ಸ್ ಹಾಕಿಸಬಹುದಾ?

ನಿಮಗೆ 48 ವರ್ಷ, ಮೋತಿಬಿಂದು (ಕಣ್ಣಿನ ಪೊರೆ) ಇಲ್ಲ, ಬರೀ ಚಾಳೀಸು. ರಾತ್ರಿ ಹುಬ್ಬಳ್ಳಿಯಿಂದ ಬಾಡಿಗೆ ಕಾರು ಓಡಿಸುತ್ತೀರಿ. ಕಣ್ಣೊಳಗೆ ಲೆನ್ಸ್ ಕೂರಿಸಿಕೊಂಡರೆ ಕನ್ನಡಕದ ಕಾಟ ತಪ್ಪುತ್ತಾ ಅಂತ ಕೇಳಿದ್ದೀರಿ. ನನ್ನ ಮಾತು ಕೇಳೋದಾದರೆ, ಸದ್ಯಕ್ಕೆ ಬೇಡ.

ನಾನು ಡಾಕ್ಟರ್ ಅಲ್ಲ. ಗದಗಿನ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಪ್ರೂಫ್ ತಿದ್ದುವವನು. 62ಕ್ಕೆ ಎರಡೂ ಕಣ್ಣಿಗೆ ಮೋತಿಬಿಂದು ಬಂತು. ಹೇಗೂ ಆಪರೇಶನ್ ಆಗಲೇಬೇಕಿತ್ತು, ದೂರದ್ದೂ ಹತ್ತಿರದ್ದೂ ಕಾಣುವ ಮಲ್ಟಿಫೋಕಲ್ ಲೆನ್ಸ್ ಹಾಕಿಸಿಕೊಂಡೆ. ಹಗಲಲ್ಲಿ ಒತ್ತಕ್ಷರ, ಸೊನ್ನೆ ಎಲ್ಲ ಕನ್ನಡಕ ಇಲ್ಲದೇ ಸಿಗುತ್ತವೆ. ಮಂದ ಬೆಳಕಿನಲ್ಲಿ ಮಾತ್ರ ಲಗ್ನಪತ್ರಿಕೆಯ ಬಂಗಾರದ ಅಕ್ಷರ ಓದಲು ಈಗಲೂ ತಿಣುಕುತ್ತೇನೆ.

ರಾತ್ರಿಯ ಕತೆ ಬೇರೆ. ಈ ಲೆನ್ಸು ಒಳಗೆ ಬಂದ ಬೆಳಕನ್ನು ದೂರಕ್ಕಿಷ್ಟು, ಹತ್ತಿರಕ್ಕಿಷ್ಟು ಅಂತ ಹಂಚುತ್ತದೆ. ಹಾಗಾಗಿ ಎದುರು ಬರುವ ಲಾರಿಯ ಹೆಡ್‌ಲೈಟ್ ಸುತ್ತ ಬಳೆಬಳೆಯಾಗಿ ಬೆಳಕು ಕಾಣುತ್ತಿತ್ತು. ಮೂರು ತಿಂಗಳು ಕತ್ತಲಾದ ಮೇಲೆ ಸ್ಕೂಟರ್ ಮುಟ್ಟಲಿಲ್ಲ, ಅಣ್ಣಿಗೇರಿಗೆ ಹೋಗೋದಿದ್ದರೂ ಬಸ್ಸೇ. ಈಗ ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ. ನನಗೆ ಅದು ಕಿರಿಕಿರಿ ಅಷ್ಟೇ. ನಿಮಗೆ ಹೊಟ್ಟೆಪಾಡು, ಅಲ್ವಾ?

ಇನ್ನೊಂದು ಮಾತು. ಚಾಳೀಸು ಅಂದ್ರೆ ಕಣ್ಣಿನ ಲೆನ್ಸ್ ಬಿರುಸಾಗಿ, ಹತ್ತಿರದ್ದನ್ನು ನೋಡುವಾಗ ಉಬ್ಬದೇ ಹೋಗೋದು. 48ಕ್ಕೆ ಅದರಲ್ಲಿ ಇನ್ನೂ ಒಂದಿಷ್ಟು ಕಸುವು ಉಳಿದಿರುತ್ತದೆ. ಹೊಸ ಲೆನ್ಸ್ ಕೂರಿಸೋದು ಈ ಹುಟ್ಟು ಲೆನ್ಸನ್ನು ತೆಗೆದೇ. ತೆಗೆಸಿದರೆ ಆ ಕಸುವೂ ಹೋಯಿತು. ಮೈನಸ್ ನಂಬರ್ ಜಾಸ್ತಿ ಇದ್ದವರಿಗಂತೂ ಲೆನ್ಸ್ ತೆಗೆಸಿದ ಮೇಲೆ ಕಣ್ಣಿನ ಹಿಂದಿನ ಪರದೆ ಕಳಚುವ ಅಪಾಯ ಹೆಚ್ಚು.

ಈ ಲೆನ್ಸ್ ಹುಟ್ಟಿದ್ದೇ ಮೋತಿಬಿಂದುವಿಗಾಗಿ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಕಿಟಕಿ ಒಡೆದು ಅದರ ಚೂರು ಪೈಲಟ್‌ಗಳ ಕಣ್ಣಲ್ಲೇ ಉಳಿದರೂ ಕಣ್ಣು ಕೆರಳಲಿಲ್ಲ. ಅದನ್ನು ಗಮನಿಸಿದ ಲಂಡನ್ನಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ, ಅದೇ ಥರದ ಪ್ಲಾಸ್ಟಿಕ್ಕಿನ ಲೆನ್ಸನ್ನು 1949ರಲ್ಲಿ ಮೊದಲ ಸಲ ಕೂರಿಸಿದರು. ಕನ್ನಡಕ ಬೇಜಾರು ಅಂತ ಸುಮ್ನೆ ಹಾಕಿಸೋದು ಆಮೇಲಿನ ಆಸೆ.

ಈಗಿನ ಮಟ್ಟಿಗೆ ಬೈಫೋಕಲ್ಲೋ ಪ್ರೋಗ್ರೆಸಿವ್ವೋ ಒಂದು ಕನ್ನಡಕ ಮಾಡಿಸಿಕೊಳ್ಳಿ. ರಸ್ತೆಯೂ ಕಾಣುತ್ತದೆ, ಮೀಟರೂ ಕಾಣುತ್ತದೆ. ಮುಂದೆ ಮೋತಿಬಿಂದು ಬಂದಾಗ, ರಾತ್ರಿ ಗಾಡಿ ಓಡಿಸುತ್ತೀರಿ ಅನ್ನೋದನ್ನು ಡಾಕ್ಟರಿಗೆ ಮೊದಲು ಹೇಳಿ. ದೂರಕ್ಕೆ ಮಾತ್ರ ಇರುವ ಸಾದಾ ಮೋನೋಫೋಕಲ್ ಲೆನ್ಸ್ ನಡೆಯುತ್ತಾ ಕೇಳಿ. ಅದಕ್ಕೆ ಓದುವ ಕನ್ನಡಕ ಬೇಕಾಗುತ್ತದೆ, ಆದರೆ ಎದುರಿನ ಲೈಟಿನ ಬಳೆ ಕಡಿಮೆ. ಆಪರೇಶನ್ ಪ್ಯಾಕೇಜಿನ ರೇಟು ಕೇಳೋದು ಅದಾದ ಮೇಲೆ.