ಬೇಯದ ಬೇಳೆ, ನೊರೆ ಬಾರದ ಸೋಪು: ಗಡಸು ನೀರಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ರಾಯಚೂರಿನ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಕೊಂಡು ಮೂರು ವರ್ಷಗಳಾದವು. ನಳದ ನೀರಿನಲ್ಲಿ ತೊಗರಿ ಬೇಳೆ ಐದಾರು ಸೀಟಿ ಹೊಡೆದರೂ ನುಣ್ಣಗಾಗುವುದಿಲ್ಲ. ಬಚ್ಚಲಿನ ಬಕೆಟ್ಟು, ಚೊಂಬುಗಳಿಗೆ ಬಿಳಿ ಪೊರೆ ಕಟ್ಟುತ್ತದೆ. ಗೀಸರಿನ ಕಾಯಿಲ್ ಎರಡು ಸಲ ಸುಟ್ಟಿದೆ. ಬೇಸಿಗೆಯಲ್ಲಿ ಈ ತೊಂದರೆ ಹೆಚ್ಚು. ಇಡೀ ಮನೆಗೆ ಸಾಫ್ಟ್‌ನರ್ ಯಂತ್ರ ಹಾಕಿಸಿ ಎಂದು ಒಬ್ಬರು, ಪೈಪಿಗೆ ಅಯಸ್ಕಾಂತ ಕಟ್ಟಿದರೆ ಸಾಕು ಎಂದು ಇನ್ನೊಬ್ಬರು ಹೇಳುತ್ತಾರೆ. ಏನು ಮಾಡಲಿ?
– ಗೃಹಿಣಿ, ರಾಯಚೂರು

ಉತ್ತರ: ‘ಬೇಸಿಗೆಯಲ್ಲಿ ಹೆಚ್ಚು’ ಎಂದು ತಾವು ಬರೆದಿರುವ ಮಾತಿನಿಂದಲೇ ಆರಂಭಿಸುತ್ತೇನೆ. ರಾಯಚೂರು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಊರು. ಹೊಳೆಯ ನೀರು ಸಾಮಾನ್ಯವಾಗಿ ಅಷ್ಟು ಗಡಸಲ್ಲ. ಇಲ್ಲಿನ ಕೊಳವೆಬಾವಿಗಳ ನೀರು ಮಾತ್ರ ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಹೊಳೆಯ ನೀರು ದಿನ ಬಿಟ್ಟು ದಿನ ಬರುವ ಮನೆಗಳಲ್ಲಿ ಬೋರಿನ ನೀರನ್ನೂ ಅದೇ ಸಂಪಿಗೆ ಬಿಡುವುದು ರೂಢಿ. ಬೇಸಿಗೆಯಲ್ಲಿ ಬೋರಿನ ಪಾಲು ಹೆಚ್ಚಾಗುತ್ತದೆ. ತಮ್ಮ ಮನೆಯಲ್ಲೂ ಹೀಗೆಯೇ ಆಗುತ್ತಿದ್ದರೆ, ತಾವು ನಳದ ನೀರೆಂದು ಬಳಸುತ್ತಿರುವುದು ಎರಡು ನೀರುಗಳ ಬೆರಕೆ.

ಇದನ್ನು ಮನೆಯಲ್ಲೇ ನೋಡಬಹುದು. ಎರಡು ಗಾಜಿನ ಬಾಟಲಿಗಳಲ್ಲಿ ಅರ್ಧರ್ಧ ನೀರು ತುಂಬಿ, ಒಂದಕ್ಕೆ ಸಂಪು ಸೇರುವ ಮುಂಚೆ ಹಿಡಿದ ನಳದ ನೀರು, ಇನ್ನೊಂದಕ್ಕೆ ಬೋರಿನ ನೀರು ಹಾಕಿ, ಎರಡಕ್ಕೂ ಬಟ್ಟೆ ಸೋಪಿನ ಸಮನಾದ ಚೂರು ಹಾಕಿ ಜೋರಾಗಿ ಕುಲುಕಿರಿ. ಒಂದರಲ್ಲಿ ನೊರೆ ಬಾಯಿಯವರೆಗೆ ಏರಿ ನಿಂತು, ಇನ್ನೊಂದರಲ್ಲಿ ಮೊಸರು ಒಡೆದಂತೆ ಬಿಳಿ ಕಣಗಳು ತೇಲಿದರೆ ಯಾವುದು ಗಡಸು ಎಂಬುದು ಕಣ್ಣಿಗೇ ಕಾಣುತ್ತದೆ. ಡಿಟರ್ಜೆಂಟ್ ಪುಡಿಯಲ್ಲಿ ಈ ಪರೀಕ್ಷೆ ಆಗದು. ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಅಂಕಿ ಬೇಕಿದ್ದರೆ ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸಿ ಒಟ್ಟು ಗಡಸುತನವನ್ನು ಕೇಳಿರಿ. ಭಾರತೀಯ ಮಾನಕ ಐಎಸ್ 10500 ರ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದಲ್ಲಿ 600 ರವರೆಗೆ ಒಪ್ಪಬಹುದು.

ಲೀಟರಿಗೆ 500 ಮಿಲಿಗ್ರಾಂ ಗಡಸುತನವೆಂದರೆ 20 ಲೀಟರಿನ ಒಂದು ಬಕೆಟ್ಟಿನಲ್ಲಿ 10 ಗ್ರಾಂ ಸುಣ್ಣದಕಲ್ಲಿಗೆ ಸಮನಾದ ಲವಣ. ರಸಾಯನಶಾಸ್ತ್ರದ ಲೆಕ್ಕದಂತೆ ಇಡೀ ಬಕೆಟ್ಟಿನ ನೀರಿನಲ್ಲಿ ನೊರೆ ಏಳಬೇಕಾದರೆ ಮೊದಲು ಸುಮಾರು 60 ಗ್ರಾಂ ಸೋಪು ಈ ಲವಣದೊಡನೆ ಸೇರಿ ಜಿಡ್ಡಾಗಿ ವ್ಯರ್ಥವಾಗಬೇಕು. ಬಿಳಿ ಅಂಗಿ ಕಂದುವುದೂ, ತೊಳೆದ ಕೂದಲು ಅಂಟಂಟಾಗುವುದೂ ಈ ಜಿಡ್ಡಿನಿಂದಲೇ. ಬೇಳೆಯ ಕಥೆ ಬೇರೆ: ಕಾಳಿನ ಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಕ್ಯಾಲ್ಸಿಯಂನೊಡನೆ ಸೇರಿ ಗಟ್ಟಿಯಾಗುವುದರಿಂದ ಅದು ಕರಗುವುದಿಲ್ಲ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಳೆ ಬೇಯುತ್ತದೆ ನಿಜ, ಆದರೆ ಬಿ1 ಜೀವಸತ್ವ ನಾಶವಾಗುತ್ತದೆ. ಬೇಳೆಯನ್ನು ನೆನೆಸುವುದಕ್ಕೂ ಬೇಯಿಸುವುದಕ್ಕೂ ಹೊಳೆಯ ನೀರನ್ನೇ ಎತ್ತಿಡುವುದು ಮೇಲು. ನಮ್ಮ ಹಿರಿಯರು ಸಿಹಿನೀರಿನ ಕೊಡವನ್ನು ಬೇರೆ ಇಡುತ್ತಿದ್ದುದು ಸುಮ್ಮನೆ ಅಲ್ಲ.

ಆದ್ದರಿಂದ ಯಂತ್ರಕ್ಕೆ ಹಣ ಹಾಕುವ ಮೊದಲು ಮಾಳಿಗೆಯ ಮೇಲೆ ಇನ್ನೊಂದು ಚಿಕ್ಕ ಟ್ಯಾಂಕ್ ಇಡಿಸಿ, ಹೊಳೆಯ ನೀರನ್ನು ಸಂಪಿಗೆ ಬೆರೆಸದೆ ನೇರವಾಗಿ ಅದಕ್ಕೆ ಏರಿಸಿ, ಅಡುಗೆಮನೆಗೂ ಗೀಸರಿಗೂ ಅದರಿಂದಲೇ ಕೊಳಾಯಿ ಎಳೆಸಿರಿ. ಶೌಚ, ನೆಲ ಒರೆಸುವುದು, ಅಂಗಳ ತೊಳೆಯುವುದಕ್ಕೆ ಬೋರಿನ ನೀರು ಧಾರಾಳವಾಗಿ ಸಾಕು. ನೀರು ಬಿಸಿಯಾದಷ್ಟೂ ಸುಣ್ಣ ಬೇಗ ಕೂರುವುದರಿಂದ ಗೀಸರಿನ ಗುಂಡಿಯನ್ನು ತುದಿಯವರೆಗೆ ತಿರುಗಿಸದೆ 50 ಡಿಗ್ರಿಯ ಆಸುಪಾಸಿನಲ್ಲಿಡಿ. ಹೊಳೆಯ ನೀರು ಸಾಲದೇ ಹೋದರೆ ಮಾತ್ರ ಸಾಫ್ಟ್‌ನರ್ ಯೋಚಿಸಿರಿ. ಅದು ಕ್ಯಾಲ್ಸಿಯಂ ತೆಗೆದು ಬದಲಿಗೆ ಸೋಡಿಯಂ ಕೊಡುತ್ತದೆ, ಆಗಾಗ ಉಪ್ಪು ತಿನ್ನುತ್ತದೆ. ಅದರ ನೀರನ್ನು ರಕ್ತದೊತ್ತಡವಿರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಅಯಸ್ಕಾಂತ ನೀರಿನಲ್ಲಿರುವ ಲವಣವನ್ನು ಹೊರಗೆ ತೆಗೆಯುವುದಿಲ್ಲ; ಕಟ್ಟಿದ ಮೇಲೂ ಬೇಳೆ ಹಾಗೆಯೇ ಇರುತ್ತದೆ.

ಈಗಾಗಲೇ ಕಟ್ಟಿರುವ ಪೊರೆಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸಾಕು. ಬಿಸಿನೀರಿನಲ್ಲಿ ಎರಡು ಚಮಚ ಕರಗಿಸಿ, ಚೊಂಬು ಅಥವಾ ಷವರಿನ ತಲೆಯನ್ನು ಅರ್ಧ ಗಂಟೆ ಮುಳುಗಿಸಿ ಉಜ್ಜಿರಿ. ಬಚ್ಚಲಿಗೆ ಶಹಾಬಾದ್ ಕಲ್ಲು ಹಾಸಿದ್ದರೆ ಅದರ ಮೇಲೆ ಇದನ್ನಾಗಲಿ ಆಸಿಡ್ಡನ್ನಾಗಲಿ ಸುರಿಯಬೇಡಿ. ಆ ಕಲ್ಲೂ ಸುಣ್ಣದಕಲ್ಲೇ, ಕಲೆಯ ಜೊತೆಗೆ ನೆಲವೂ ಸವೆಯುತ್ತದೆ. ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಬೆರೆಸಲೇಬಾರದು, ವಿಷಾನಿಲ ಏಳುತ್ತದೆ.

ಪ್ರಶ್ನೆ: ಗಡಸು ನೀರು ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲಾಗುವುದೇ? ನಾವು ಬೋರಿನ ನೀರನ್ನು ಕುದಿಸಿ ಕುಡಿಯುತ್ತೇವೆ.
– ಶಿಕ್ಷಕರು, ದೇವದುರ್ಗ

ಉತ್ತರ: ಗಡಸುತನವೇ ಕಲ್ಲಿಗೆ ಕಾರಣವೆಂದು ಸ್ಥಿರವಾಗಿ ತೋರಿಸಿದ ಆಧಾರವಿಲ್ಲ. ನಮ್ಮ ಬಿಸಿಲಿನಲ್ಲಿ ಬೆವರಿ, ನೀರು ಕಡಿಮೆ ಕುಡಿಯುವುದೇ ದೊಡ್ಡ ಅಪಾಯ. ತಮ್ಮ ವಿಷಯದಲ್ಲಿ ನನ್ನ ಚಿಂತೆ ಬೇರೆಯದು. ರಾಯಚೂರು ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ, ಮಿತಿ ಮೀರಿದರೆ ಹಲ್ಲು-ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಹೆಚ್ಚಿದ್ದು, ಅದಕ್ಕೆ ರುಚಿಯೂ ಇಲ್ಲ, ಬಣ್ಣವೂ ಇಲ್ಲ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಗಡಸುತನದಲ್ಲಿ ಒಂದು ಪಾಲು ಪಾತ್ರೆಯ ತಳದಲ್ಲಿ ಸುಣ್ಣವಾಗಿ ಉಳಿಯುತ್ತದೆ; ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸದೆ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಳ್ಳಿರಿ. ಮನೆಯಲ್ಲಿ ಮಕ್ಕಳಿದ್ದರೆ ಪರೀಕ್ಷೆಯನ್ನು ಮುಂದೂಡಬೇಡಿ.

ಪ್ರಶ್ನೆ: ಪಟಿಕ ತಿರುವಿದರೆ ನೀರು ಮೆದುವಾಗುತ್ತದೆಯೇ?
– ಓದುಗರು, ಮಾನ್ವಿ

ಉತ್ತರ: ಇಲ್ಲ. ಪಟಿಕ ರಾಡಿಯನ್ನು ತಳಕ್ಕಿಳಿಸುತ್ತದೆ, ಕರಗಿದ ಲವಣವನ್ನು ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಕೆಂಪಗೆ ಬರುವ ಕಾಲುವೆಯ ನೀರಿಗೆ ಅದನ್ನು ಉಳಿಸಿಕೊಳ್ಳಿರಿ.