ಬೀಗ ಎಳೆದು ನೋಡೋದು ಹಠ ಅಲ್ಲ

ನಿಮ್ಮ ತಮ್ಮ ಮಂಡಿಪೇಟೆ ಅಂಗಡಿಯ ಬೀಗ ಮತ್ತೆ ಮತ್ತೆ ಎಳೆದು ನೋಡುತ್ತಾರೆ, ಮನೆ ತಲುಪಿದ ಮೇಲೂ ವಾಪಸ್ ಓಡುತ್ತಾರೆ, ಇದು ಮಿದುಳಿನ ತೊಂದರೆಯಾ ಇಲ್ಲ ಹಠವಾ ಅಂತ ಕೇಳಿದ್ದೀರಿ. ಹಠ ಅಲ್ಲ. ಬೀಗ ಬಿದ್ದಿದೆ ಅಂತ ಅವರಿಗೂ ಗೊತ್ತು, ಆದರೆ 'ಆಯ್ತು, ಬಿಡು' ಅನ್ನೋ ಸಮಾಧಾನ ಬರೋದಿಲ್ಲ.

ಇದು ಒಸಿಡಿ ಇರಬಹುದು, ಅಂದರೆ ಬೇಡದ ಅನುಮಾನ ಮತ್ತೆ ಮತ್ತೆ ಬಂದು ಅದೇ ಕೆಲಸವನ್ನ ಪದೇ ಪದೇ ಮಾಡಿಸೋ ಮಾನಸಿಕ ಕಾಯಿಲೆ. ಅದು ಇರುವವರಲ್ಲಿ ಹಣೆಯ ಹಿಂದಿನ ಮಿದುಳು, ಇನ್ನೂ ಒಳಗಿನ ಸ್ಟ್ರಯೇಟಮ್, ಥಾಲಮಸ್ ಅನ್ನೋ ಭಾಗಗಳು ಸೇರಿದ ಸರ್ಕ್ಯೂಟ್ ಅತಿಯಾಗಿ ಚುರುಕಾಗಿರೋದು ಸ್ಕ್ಯಾನ್‌ಗಳಲ್ಲಿ ಕಂಡಿದೆ. ವಂಶದ ಪಾಲೂ ಇದೆ. 'ಸೆರೊಟೋನಿನ್ (ಮಿದುಳಲ್ಲಿ ಸಂದೇಶ ಒಯ್ಯೋ ಒಂದು ರಾಸಾಯನಿಕ) ಕಮ್ಮಿ ಅಷ್ಟೇ' ಅನ್ನೋದು ಅರ್ಧ ಮಾತು. ಆದರೂ ಅದರ ಮೇಲೆ ಕೆಲಸ ಮಾಡೋ ಮಾತ್ರೆಗಳು ಎಷ್ಟೋ ಜನಕ್ಕೆ ಹಿಡಿಯುತ್ತವೆ. ಗುಣ ಕಾಣೋಕೆ 8ರಿಂದ 12 ವಾರ ಕಾಯಬೇಕು, ನಡುವೆ ಸುಮ್ನೆ ನಿಲ್ಲಿಸಬಾರದು. ಜೊತೆಗೆ, ವಾಪಸ್ ಹೋಗದೆ ಕಳವಳ ತಾಳಿಕೊಳ್ಳೋ ತರಬೇತಿ ಇದೆ, ಇ.ಆರ್.ಪಿ. ಅಂತ.

'ನಾನೇ ನೋಡಿದ್ದೀನಿ, ಹಾಕಿದೆ' ಅಂತ ಪದೇ ಪದೇ ಭರವಸೆ ಕೊಡಬೇಡಿ, ಅದು ಅನುಮಾನವನ್ನೇ ಬೆಳೆಸುತ್ತದೆ. ಒಬ್ಬ ಮನೋವೈದ್ಯರಿಗೆ ತೋರಿಸಿ. ಹಿಂಜರಿಕೆ ಇದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.