ಹಾರ್ಮೋನ್ ಮಾತ್ರೆಗೆ ಕಾಯಬೇಡಿ, ನಡಿಗೆ ಇವತ್ತೇ ಶುರು ಮಾಡಿ

ಶಿರಸಿಯಿಂದ ಬರೆದಿದ್ದೀರಿ. ಕಳೆದ ವರ್ಷ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್), ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ ಎಂದು ಗೊತ್ತಾಯಿತು, ಇಂಜೆಕ್ಷನ್ ನಡೆಯುತ್ತಿದೆ, ಮನೆಯವರು "ಜಾಸ್ತಿ ಓಡಾಡಬೇಡ, ಮಲಗಿರು" ಅನ್ನುತ್ತಾರೆ. ನೀವು ಎಸ್ಟ್ರಿಯಾಲ್ ಎಂಬ ಹಾರ್ಮೋನಿನ ಬಗ್ಗೆ ಓದಿದ್ದೀರಿ. ಇಂಜೆಕ್ಷನ್ ಬಿಟ್ಟು ಅದನ್ನೇ ತಗೊಂಡು, ಜೊತೆಗೆ ವ್ಯಾಯಾಮ ಮಾಡಿದರೆ ಸಾಕಾ ಎಂದು ಕೇಳಿದ್ದೀರಿ.

ನಾನು ಕಾರವಾರದವಳು. ನನಗೂ ಎಂಎಸ್ ಇದೆ, ಹಲವು ವರ್ಷಗಳಿಂದ. ನಾನು ಡಾಕ್ಟರಲ್ಲ, ಆದರೆ ಈ ಎರಡು ವಿಷಯದ ಬೆನ್ನು ಹತ್ತಿ ಓದಿದ್ದೇನೆ, ನನ್ನ ನ್ಯೂರಾಲಜಿಸ್ಟ್ ಹತ್ತಿರ ಕೂತು ಕೇಳಿದ್ದೇನೆ. ನೇರವಾಗಿ ಹೇಳಿಬಿಡುತ್ತೇನೆ. ಇಂಜೆಕ್ಷನ್ ಬಿಡಬೇಡಿ. ಹಾರ್ಮೋನಿನ ಸುದ್ದಿ ಸುಳ್ಳಲ್ಲ, ಆದರೆ ಅದಿನ್ನೂ ಚಿಕಿತ್ಸೆಯ ಹಂತಕ್ಕೆ ಬಂದಿಲ್ಲ. ವ್ಯಾಯಾಮಕ್ಕೆ ಮಾತ್ರ ಏನನ್ನೂ ಕಾಯಬೇಕಾಗಿಲ್ಲ.

ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಹಾರ್ಮೋನಿನ ಮೇಲೆ ಕಣ್ಣು ಬೀಳೋಕೆ ಅದೂ ಒಂದು ಕಾರಣ. ದೊಡ್ಡ ಸುಳಿವು ಸಿಕ್ಕಿದ್ದು ಬಸಿರಿಯರಿಂದ. ಯುರೋಪಿನಲ್ಲಿ ಎಂಎಸ್ ಇರುವ 254 ಹೆಂಗಸರನ್ನು ಬಸಿರು, ಬಾಣಂತನದ ಉದ್ದಕ್ಕೂ ಗಮನಿಸಿದ ಅಧ್ಯಯನ 1998ರಲ್ಲಿ ಬಂತು. ಕೊನೆಯ ಮೂರು ತಿಂಗಳಲ್ಲಿ ಕಾಯಿಲೆ ಮರುಕಳಿಸುವುದು ತುಂಬಾ ಕಡಿಮೆ. ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ ಮತ್ತೆ ಏರಿಕೆ. ಎಸ್ಟ್ರಿಯಾಲ್ ಅಂದರೆ ಬಸಿರಿನಲ್ಲಿ ಮಾಸಿನಿಂದ ಹೇರಳವಾಗಿ ಬರುವ ಈಸ್ಟ್ರೋಜನ್, ಅಂದರೆ ಹೆಣ್ಣು ಹಾರ್ಮೋನಿನ ಒಂದು ಬಗೆ. ಹಾಗಾದರೆ ಅದನ್ನೇ ಮಾತ್ರೆಯಾಗಿ ಕೊಟ್ಟರೆ?

ಅಮೆರಿಕದಲ್ಲಿ ನರರೋಗ ತಜ್ಞೆ ರೋಂಡಾ ವೋಸ್ಕೂಲ್ ಅವರ ತಂಡ ಅದನ್ನು ಮಾಡಿ ನೋಡಿತು. 164 ಹೆಂಗಸರಲ್ಲಿ ಸುಮಾರು ಅರ್ಧ ಜನರಿಗೆ ದಿನಕ್ಕೆ 8 ಮಿಲಿಗ್ರಾಂ ಎಸ್ಟ್ರಿಯಾಲ್, ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ, ಎರಡು ವರ್ಷ. ಫಲಿತಾಂಶ 2016ರಲ್ಲಿ ಬಂತು. ಎಸ್ಟ್ರಿಯಾಲ್ ತಗೊಂಡವರಲ್ಲಿ ಮೊದಲ ವರ್ಷ ಕಾಯಿಲೆ ಕೆರಳಿದ್ದು ಚೆನ್ನಾಗಿಯೇ ಕಡಿಮೆ, ಎರಡನೇ ವರ್ಷದ ಕೊನೆಗೆ ಆ ಅಂತರ ಸಣ್ಣದಾಯಿತು. ಇಲ್ಲಿ ನೀವು ಗಮನಿಸಬೇಕಾದ್ದು ಒಂದಿದೆ: ಅವರೆಲ್ಲರೂ ಎಂಎಸ್‌ಗೆ ಕೊಡುವ ಗ್ಲಾಟಿರಾಮರ್ ಇಂಜೆಕ್ಷನ್ ತಗೊಳ್ಳುತ್ತಲೇ ಇದ್ದರು. ಇಂಜೆಕ್ಷನ್ ಬಿಡಿಸಿ ಹಾರ್ಮೋನ್ ಕೊಟ್ಟಿದ್ದಲ್ಲ. ಬಾಣಂತಿಯರಿಗೆ ಹಾರ್ಮೋನ್ ಕೊಟ್ಟು ಮರುಕಳಿಕೆ ತಡೆಯಬಹುದಾ ಎಂದು ಯುರೋಪಿನಲ್ಲಿ ಬೇರೆ ಪರೀಕ್ಷೆ ನಡೆಯಿತು, ಉಪಯೋಗ ಆಗಲಿಲ್ಲ. ಎಂಎಸ್ ಇರುವ ಗಂಡಸರಿಗೆ ಕೊಟ್ಟ ಟೆಸ್ಟೋಸ್ಟೆರಾನ್ (ಗಂಡು ಹಾರ್ಮೋನ್) ಜೆಲ್ ಬಗ್ಗೆ ಯಾರಾದರೂ ಹೇಳಿದರೆ, 2007ರ ಆ ಪ್ರಯೋಗದಲ್ಲಿ ಇದ್ದವರು ಹತ್ತೇ ಜನ.

ಈಸ್ಟ್ರೋಜನ್ ಸುಮ್ನೆ ತಿನ್ನುವ ಮಾತ್ರೆಯೂ ಅಲ್ಲ. ಗರ್ಭಕೋಶದ ಒಳಪದರ ದಪ್ಪ ಆಗಬಹುದು, ರಕ್ತ ಹೆಪ್ಪುಗಟ್ಟಬಹುದು. ಓಡಾಟ ಕಡಿಮೆ ಇರುವ ಕಾಲಿಗೆ ಆ ಅಪಾಯ ಮೊದಲೇ ಇರುತ್ತದೆ. ಆನ್‌ಲೈನ್‌ನಲ್ಲಿ ತರಿಸಿ ತಗೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಬಿಡಿ.

ಇನ್ನು ಮನೆಯವರ ಮಾತು. ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ, ಒಂದು ಕಾಲಕ್ಕೆ ಡಾಕ್ಟರುಗಳೇ ಹಾಗೆ ಹೇಳುತ್ತಿದ್ದರು. ಶ್ರಮಪಟ್ಟ ಮೇಲೆ ರೋಗಿಗಳ ಕಣ್ಣು ಮಂಜಾಗುವುದನ್ನು ಉಥಾಫ್ ಎಂಬ ಜರ್ಮನ್ ಕಣ್ಣಿನ ಡಾಕ್ಟರು 1890ರಲ್ಲೇ ಬರೆದಿಟ್ಟರು. ಕಾರಣ ಮೈ ಕಾವು ಎಂದು ಆಮೇಲೆ ತಿಳಿಯಿತು. ಹೊದಿಕೆ ಕಳೆದುಕೊಂಡ ನರದಲ್ಲಿ ಕಾವು ಸ್ವಲ್ಪ ಏರಿದರೂ ಸಂದೇಶ ತಡವರಿಸುತ್ತದೆ, ಮೈ ತಣಿದರೆ ಸರಿಹೋಗುತ್ತದೆ. ಹೊಸ ಹಾನಿ ಆಗಿರುವುದಿಲ್ಲ. 1996ರಲ್ಲಿ ಅಮೆರಿಕದ ಯೂಟಾದಲ್ಲಿ 54 ಜನರ ಮೇಲೆ ಅಧ್ಯಯನ ಮಾಡಿದರು. ಅವರಲ್ಲಿ ಒಂದು ಗುಂಪಿಗೆ 15 ವಾರ, ವಾರಕ್ಕೆ ಮೂರು ದಿನ, 40 ನಿಮಿಷ ವ್ಯಾಯಾಮ. ಆ ಗುಂಪಿನವರ ದೇಹದ ಶಕ್ತಿ ಹೆಚ್ಚಿತು, ಮನಸ್ಸೂ ಹಗುರಾಯಿತು. ಈಗ ವಾರಕ್ಕೆ 150 ನಿಮಿಷದ ಚಟುವಟಿಕೆಯತ್ತ ಮೆಲ್ಲಗೆ ಸಾಗಿ ಎಂದೇ ಹೇಳುತ್ತಾರೆ.

ನನ್ನ ಎಡಗಾಲಿನ ಪಾದ ಸರಿಯಾಗಿ ಮೇಲೇಳುವುದಿಲ್ಲ. ಹವಾಯಿ ಚಪ್ಪಲಿ ಕಳಚಿ ಹಿಂದೆ ಬಿದ್ದರೂ ಗೊತ್ತಾಗುವುದಿಲ್ಲ, ಅದಕ್ಕೇ ಹಿಂದೆ ಪಟ್ಟಿ ಇರುವ ಸ್ಯಾಂಡಲ್. ಬೆಳಕು ಹರಿಯುವ ಮೊದಲೇ ಒಂದು ಲೋಟ ತಣ್ಣನೆ ಮುರುಗಲು ಪಾನಕ ಕುಡಿದು, ಒದ್ದೆ ಬೈರಾಸು ಕುತ್ತಿಗೆಗೆ ಸುತ್ತಿಕೊಂಡು ಟಾಗೋರ್ ಬೀಚಿಗೆ ಹೋಗುತ್ತೇನೆ. ನೀರಂಚಿನ ಗಟ್ಟಿ ಮರಳಿನಲ್ಲೇ ನಡಿಗೆ. ಕೋಡಿಬಾಗ ಕಡೆ ಹೋಗುವಾಗ ಸಮುದ್ರ ಎಡಕ್ಕಿರುತ್ತದೆ, ಎಡಗಾಲು ಇಳಿಜಾರಿನ ತಗ್ಗಿಗೆ ಬರುತ್ತದೆ, ಬೆರಳು ನೆಲಕ್ಕೆ ಅಷ್ಟಾಗಿ ತಾಗುವುದಿಲ್ಲ. ತಿರುಗಿದರೆ ಅದೇ ಕಾಲು ಏರಿನ ಕಡೆಗೆ, ಎಡವುವುದು ಅಲ್ಲೇ. ಹಾಗಾಗಿ ವಾಪಸ್ ಬರುವುದು ರಸ್ತೆ ಮೇಲೆ. ನಡುನಡುವೆ ನಿಂತು ಹಿಂದೆ ನೋಡುತ್ತೇನೆ. ಹಸಿ ಮರಳಲ್ಲಿ ಎರಡು ಹೆಜ್ಜೆಗಳ ನಡುವೆ ಬೆರಳು ಎಳೆದ ಗೀರು ಉದ್ದ ಆಗುತ್ತಾ ಬಂತು ಅಂದರೆ ಅವತ್ತಿಗೆ ಸಾಕು. ಏಪ್ರಿಲ್, ಮೇನಲ್ಲಿ ಬಿಸಿಲೇರಿದ ಮೇಲೆ ಹೊರಗೆ ಹೋದರೆ ಬಸ್ಸಿನ ಬೋರ್ಡು ಓದೋಕೂ ಆಗುವುದಿಲ್ಲ, ಫ್ಯಾನ್ ಕೆಳಗೆ ಕೂತರೆ ಕಣ್ಣು ತಿಳಿಯಾಗುತ್ತದೆ.

ನಿಮಗೆ ಘಟ್ಟದ ಮೇಲಿನ ತಂಪು ಇದೆ, ಅದು ದೊಡ್ಡ ಅನುಕೂಲ. ಆದರೆ ಮಳೆಗಾಲದ ಅಂಗಳ ನಂಬಬೇಡಿ, ಹಾವಸೆ ಕಟ್ಟಿದರೆ ಗಟ್ಟಿ ಕಾಲಿನವರೇ ಜಾರುತ್ತಾರೆ. ಜಗಲಿಯಲ್ಲೇ ಕಂಬ ಹಿಡಿದು ಒಂಟಿ ಕಾಲಲ್ಲಿ ನಿಲ್ಲಿ, ಕೈಯೂರದೆ ಕುರ್ಚಿಯಿಂದ ಎದ್ದು ಕೂರಿ. ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ನಿಮ್ಮ ಕಾಲಿಗೆ ಏನು ಬೇಕು ಎಂದು ತಿಳಿದುಕೊಳ್ಳಿ. ತುಂಬಾ ಸುಸ್ತಾದ ದಿನ ಅರ್ಧಕ್ಕೆ ನಿಲ್ಲಿಸಿ, ಮರುದಿನ ಮತ್ತೆ ಶುರು.

ಆದರೆ ಮೈ ತಣಿದ ಮೇಲೂ ಹೋಗದೆ, ಒಂದು ದಿನ ಕಳೆದರೂ ಉಳಿಯುವ ಹೊಸ ಜೋಮು, ಬಲಹೀನತೆ, ಕಣ್ಣು ನೋವು ಕಂಡರೆ ಅದನ್ನು ವ್ಯಾಯಾಮದ ಲೆಕ್ಕಕ್ಕೆ ಹಾಕಬೇಡಿ. ಡಾಕ್ಟರಿಗೆ ಫೋನ್ ಮಾಡಿ. ಜ್ವರ, ಉರಿಮೂತ್ರ ಇದೆಯಾ ಎಂದೂ ನೋಡಿಕೊಳ್ಳಿ, ಸೋಂಕಿನಿಂದಲೂ ಹಳೇ ತೊಂದರೆ ತಲೆ ಎತ್ತುತ್ತದೆ.

ಮುಂದಿನ ಭೇಟಿಗೆ ಅಮ್ಮನನ್ನೋ ಗಂಡನನ್ನೋ ಜೊತೆಗೆ ಕರೆದುಕೊಂಡು ಹೋಗಿ. ವ್ಯಾಯಾಮ ಮಾಡಬಹುದು ಎಂಬುದನ್ನು ಅವರು ಡಾಕ್ಟರ ಬಾಯಿಂದಲೇ ಕೇಳಲಿ. ವಿಟಮಿನ್ ಡಿ ಎಷ್ಟಿದೆ ಎಂದು ರಕ್ತ ಪರೀಕ್ಷೆ ಮಾಡಿಸಬೇಕಾ ಕೇಳಿ, ಅದೂ ದೇಹದಲ್ಲಿ ಹಾರ್ಮೋನಿನ ಹಾಗೇ ಕೆಲಸ ಮಾಡುತ್ತದೆ. ಮಗು ಬೇಕು ಅನ್ನುವ ಯೋಚನೆ ಇದ್ದರೆ ಅದನ್ನೂ ಆವತ್ತೇ ಹೇಳಿ. ಎಂಎಸ್‌ನ ಕೆಲವು ಔಷಧಿಗಳನ್ನು ಬಸಿರಿಗೆ ಮೊದಲೇ ಬದಲಿಸಬೇಕಾಗುತ್ತದೆ.